ಹುಳುಗಳು ಸುಮ್ಮನಾದ ಸಂಜೆ

ಪವಾಡ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಮಾತು ಬದಲಾಯಿಸುವವಳು ನಾನು. ಕಾನ್ವೆಂಟಿನಲ್ಲಿ ಓದಿದವಳಲ್ಲವೆ, "ಪ್ರೂಫ್ ಎಲ್ಲಿ?" ಎಂದು ಕೇಳುವುದೇ ಅಭ್ಯಾಸ. ಹಾಗಿದ್ದೂ ಇದನ್ನು ಬರೆಯಲು ಕೂತಿದ್ದೇನೆ. ಭಯಕ್ಕಲ್ಲ, ಥ್ರಿಲ್ಲಿಗೆ.

ನಮ್ಮ ಮಾರಲ್ ಸೈನ್ಸ್ ಸಿಸ್ಟರ್ ಯೇಸು ಹೇಳಿದ ಕಥೆಯೊಂದನ್ನು ಹೇಳುತ್ತಿದ್ದರು. ಮನೆ ಬಿಟ್ಟು ಹೋಗಿ ಕೆಟ್ಟ ಮಗ ಪಶ್ಚಾತ್ತಾಪಪಟ್ಟು ಮರಳುತ್ತಾನೆ; ತಂದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಮನೆಯಲ್ಲೇ ಇದ್ದು ದುಡಿದ ಅಣ್ಣ ಮಾತ್ರ ಮುನಿಸಿಕೊಂಡು ಹೊರಗೇ ನಿಲ್ಲುತ್ತಾನೆ. ಆ ಅಣ್ಣ ಕೊನೆಗೆ ಒಳಗೆ ಹೋದನಾ ಎಂದು ಕೇಳಿದ್ದೆ. ಅದನ್ನು ಯೇಸು ಹೇಳಲಿಲ್ಲ ಮಗೂ ಎಂದು ಸಿಸ್ಟರ್ ನಕ್ಕಿದ್ದರು. ನಾನಂತೂ ಅಣ್ಣನ ಪಾರ್ಟಿ.

ಮದುವೆಯಾಗಿ ಬಂದದ್ದು ಶಿಡ್ಲಘಟ್ಟದ ಹತ್ತಿರ, ರೇಷ್ಮೆ ಬೆಳೆಯುವ ಮನೆಗೆ. ನನ್ನ ಮೈದುನ ಸೀನ ಆಸ್ತಿ ಪಾಲಿನ ಜಗಳದಲ್ಲಿ ಸಿಟ್ಟಿಗೆದ್ದು, ನಮ್ಮ ಹಿಪ್ಪುನೇರಳೆ ತೋಟಕ್ಕೆ ವಿಷ ಸಿಂಪಡಿಸಿ ಊರು ಬಿಟ್ಟ. ಆ ಸೊಪ್ಪು ತಿಂದ ಹುಳುಗಳೆಲ್ಲ ಸತ್ತವು. ಅವನ್ನು ಗುಂಡಿಗೆ ಸುರಿಯುವಾಗ ಯಜಮಾನರು ಅತ್ತದ್ದನ್ನು ನೋಡಿದ್ದೇನೆ. ಆಮೇಲೆ ಅವರ ಬಾಯಲ್ಲಿ ತಮ್ಮನ ಹೆಸರೇ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಸಂಜೆ ನಾವಿಬ್ಬರೂ ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆವು. ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದಿದ್ದವು. ಆಗಿನ ಹಸಿವು ಭಯಂಕರ. ಅವು ಎಲೆ ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದಂತೆ. ಸೊಪ್ಪು ಇರುವವರೆಗೆ ನಿಲ್ಲುವುದಿಲ್ಲ.

ತಿರುಗಿ ನೋಡಿದರೆ ಬಾಗಿಲಲ್ಲಿ ಸೀನ! ತಲೆ ನರೆತಿತ್ತು. ರೋಗ ಒಳಗೆ ಬಾರದಿರಲೆಂದು ಹೊಸ್ತಿಲಾಚೆ ಇಟ್ಟಿದ್ದ ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದಿಕೊಂಡು ಅಲ್ಲೇ ನಿಂತಿದ್ದ.

"ಅಣ್ಣಾ, ತಪ್ಪಾಯ್ತು. ಅವತ್ತಿಂದ ನೆಮ್ಮದಿಯಾಗಿ ಮಲಗಿಲ್ಲ ನಾನು."

ಯಜಮಾನರು ತಿರುಗಲಿಲ್ಲ. "ಹೊರಗಿನೋರು ಹುಳು ಮನೇಗೆ ಬರಂಗಿಲ್ಲ. ಮರ್ತೋಯ್ತಾ?"

ಆ ಮಾತು ಮುಗಿದದ್ದೇ ತಡ, ಸದ್ದು ನಿಂತಿತು. ಪೂರ್ತಿ ನಿಂತಿತು! ತಟ್ಟೆಗಳ ತುಂಬ ಸೊಪ್ಪಿತ್ತು. ಹುಳುಗಳು ತಲೆ ಎತ್ತಿ ಅಲುಗದೆ ಇದ್ದವು. ಯಜಮಾನರು ಈ ತಟ್ಟೆ ನೋಡಿದರು, ಆ ತಟ್ಟೆ ನೋಡಿದರು. ಈ ಬೆಳೆಯೂ ಹೋಯಿತೆಂದು ಮುಖ ಬಿಳಿಚಿಕೊಂಡಿತು. ಕೊನೆಗೆ ತಮ್ಮನ ಕಡೆ ತಿರುಗಿ, ಸೊಪ್ಪಿನ ಮಂಕರಿಯನ್ನು ಅವನತ್ತ ತಳ್ಳಿದರು.

"ಕೈ ತೊಳ್ಕೊಂಡ್ ಬಾರೋ. ನೀನೇ ಹಾಕು."

ವಿಷ ಹಾಕಿದ ಕೈಗೇ ಸೊಪ್ಪು! ಬೇಡ ಎನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಅವನು ಕೈ ತೊಳೆದು ಬಂದಿದ್ದ. ಸೀನ ಒಂದು ಹಿಡಿ ಹರಡಿದ. ಅದು ಬಿದ್ದಿತೋ ಇಲ್ಲವೋ, ಆ ತಟ್ಟೆ, ಪಕ್ಕದ್ದು, ಅದರ ಮೇಲಿನದು, ಎಲ್ಲ ಕಡೆ ಮಳೆ ಮತ್ತೆ ಶುರು!

"ಹುಳಾನೇ ಒಪ್ಕೊಂಡ್ವು ಅತ್ತಿಗೆ, ನೀವೊಂದ್ ಲೋಟ ಕಾಫಿ ಕೊಡಲ್ವಾ?" ಎಂದ ಸೀನ, ಕಣ್ಣೊರೆಸಿಕೊಳ್ಳುತ್ತಾ.

ಗೊತ್ತಿದ್ದವರನ್ನೆಲ್ಲ ಕೇಳಿದ್ದೇನೆ. ತಣ್ಣನೆ ಗಾಳಿ ನುಗ್ಗಿರಬೇಕು ಎಂದರು ಒಬ್ಬರು. ಆದರೆ ಬಾಗಿಲು ಮೊದಲಿಂದಲೂ ತೆರೆದೇ ಇತ್ತು. ಇಮ್ಯಾಜಿನೇಷನ್ ಎಂದರು ಇನ್ನೊಬ್ಬರು; ಮೂವರಿಗೂ ಒಟ್ಟಿಗೇ ಬಂದೀತೆ? ಸಿಸ್ಟರ್ ಇದ್ದಿದ್ದರೆ ಓಡಿಹೋಗಿ ಹೇಳುತ್ತಿದ್ದೆ. ಅವರೂ ಬರೀ ನಗುತ್ತಿದ್ದರೇನೋ.

ಯಜಮಾನರು ಆ ವಿಷಯ ಇವತ್ತಿಗೂ ಎತ್ತುವುದಿಲ್ಲ. ಆದರೆ ಪ್ರತಿ ಬೆಳೆಯಲ್ಲೂ ಹುಳು ನಾಲ್ಕನೇ ಜ್ವರದಿಂದ ಎದ್ದ ದಿನ ಮೊದಲ ಹಿಡಿ ಸೊಪ್ಪು ಸೀನನೇ ಹಾಕಬೇಕು. ಅವನು ಹರಡುವಾಗ ಅವರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನಾನೂ ಕೈಲಿದ್ದ ಕೆಲಸ ಬಿಟ್ಟು ಬಂದು, ಬಾಗಿಲಲ್ಲಿ ಕಿವಿಗೊಟ್ಟು ನಿಲ್ಲುತ್ತೇನೆ.