ಮುಖ ಕೆಳಗಾಗಿ ಮಲಗಿದ್ದ ಕಲ್ಲು

ಮೊನ್ನೆ ಬೆಳಿಗ್ಗೆ ಪೇಪರ್ ಬಿಡಿಸಿದಾಗ ಒಳಗಿನಿಂದ ಒಂದು ಬಣ್ಣದ ಕಾಗದ ಜಾರಿ ಮಡಿಲಿಗೆ ಬಿತ್ತು. ಊರಾಚೆ ಎಲ್ಲೋ ‘ರೋಮನ್ ವಿಲ್ಲಾ’ಗಳು ಮಾರಾಟಕ್ಕಿವೆಯಂತೆ. ಬಿಳಿ ಕಂಬಗಳು, ಒಂದು ಕಾರಂಜಿ, ಅದರ ಪಕ್ಕ ಹಲ್ಲು ಬಿಟ್ಟುಕೊಂಡು ನಿಂತ ಗಂಡ ಹೆಂಡತಿ. ನೀವಾದರೆ ಇಂಥ ಕಾಗದವನ್ನು ಕಡಲೆಕಾಯಿ ಸಿಪ್ಪೆ ಹಾಕಲು ಇಟ್ಟುಕೊಳ್ಳುತ್ತೀರಿ. ನನಗೆ ಮಾತ್ರ ಅದನ್ನು ಕಂಡರೆ ಕಿವಿ ಬಿಸಿಯಾಗುತ್ತದೆ. ಏಕೆಂದರೆ ನಾನು ನಿಜವಾದ ರೋಮನ್ ವಿಲ್ಲಾ ಒಂದನ್ನು ನೋಡಿದ್ದೇನೆ. ಅದೂ ನನ್ನ ಭಾವನ ಜೊತೆ.

ಭಾವ ಎಂದರೆ ಅಕ್ಕನ ಗಂಡ; ವೈಯಾಲಿಕಾವಲ್‌ನಲ್ಲಿ ಮನೆ. ಅವರ ತಂದೆ ಊರ ಹೊರಗೆ ರಾಗಿ ಬೆಳೆಯುತ್ತಿದ್ದವರು. ಹೊಲದ ತನಕ ಬೆಂಗಳೂರೇ ನಡೆದುಕೊಂಡು ಬಂದಾಗ ಭಾವ ಹೊಲವನ್ನು ಲೇಔಟ್ ಮಾಡಿ, ತಂದೆಯನ್ನು ಮನೆಗೆ ಕರೆತಂದರು. ಆಮೇಲೆ ಅದೇ ಅವರ ಕಸುಬಾಯಿತು. ಕೆಲವು ವರ್ಷಗಳ ಹಿಂದೆ ರೋಮನ್ ವಿಲ್ಲಾಗಳ ಒಂದು ಲೇಔಟ್ ಕಟ್ಟುವ ಆಸೆ ಅವರಿಗೆ ಹುಟ್ಟಿತು. ಅಕ್ಕನ ಜೊತೆ ಇಂಗ್ಲೆಂಡ್ ಪ್ರವಾಸಕ್ಕೆ ಹೊರಟಾಗ, ಅಲ್ಲೊಂದು ಅಸಲಿ ವಿಲ್ಲಾ ಇದೆಯಂತೆ, ನೋಡಿಕೊಂಡೇ ಬರೋಣ ಎಂದರು. ನಾನು ಚಾಮರಾಜಪೇಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವನು. ಹಾಗಾಗಿ ನನ್ನನ್ನು ಅವರ ಬಾಯಿಯಾಗಿ ಕರೆದುಕೊಂಡು ಹೋದರು.

ಹಳ್ಳಿಗಾಡಿನ ನಡುವೆ, ಕುರಿ ಮೇಯುವ ಬಯಲಿನಲ್ಲಿತ್ತು ಅದು. ಕಂಬವಿಲ್ಲ, ಕಾರಂಜಿಯಿಲ್ಲ. ಮೊಣಕಾಲೆತ್ತರದ ಗೋಡೆಗಳು ಹುಲ್ಲಿನಲ್ಲಿ ಕೋಣೆಗಳ ಗುರುತು ಹಾಕಿಕೊಂಡು ಬಿದ್ದಿದ್ದವು. ಒಂದು ಮೂಲೆಗೆ ಶೆಡ್ ಕಟ್ಟಿ, ಅದರಡಿ ಬಣ್ಣದ ಚೂರುಕಲ್ಲುಗಳಿಂದ ಚಿತ್ತಾರ ಮಾಡಿದ ನೆಲವನ್ನು ಕಾಪಾಡಿದ್ದರು. ಭಾವ ಸುತ್ತ ನೋಡಿ, ಬಯಲಿಗೆಲ್ಲ ಕೇಳುವ ಹಾಗೆ, “ಬರೀ ಪಾಯ ಕಣೋ ಇದು. ಇದಕ್ಕೂ ಟಿಕೆಟ್ಟಾ? ನಮ್ಮ ಸೈಟಲ್ಲಿ ಅರ್ಧಕ್ಕೆ ನಿಂತಿರೋದೇ ಇದಕ್ಕಿಂತ ಎತ್ತರ ಇದೆ, ಹೇಳು ಆಯಮ್ಮಂಗೆ” ಎಂದರು.

ಆಯಮ್ಮ ಎಂದರೆ ಅಲ್ಲಿ ಬಂದವರಿಗೆ ಜಾಗ ತೋರಿಸುತ್ತಿದ್ದ ಬಿಳಿಗೂದಲಿನ ಹೆಂಗಸು. ನಾನು ನಾಚಿ ನೀರಾಗಿ, ನಮ್ಮ ಭಾವನವರಿಗೆ ಈ ಜಾಗ ತುಂಬ ಹಿಡಿಸಿದೆಯಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಕೆಗೆ ಎಷ್ಟು ಸಂತೋಷವಾಯಿತೆಂದರೆ, ನಮ್ಮನ್ನು ಬಿಡದೆ ಇಡೀ ಕಥೆ ಹೇಳಲು ಶುರುಮಾಡಿದಳು. ನನ್ನ ಸುಳ್ಳಿಗೆ ಅಲ್ಲೇ ಶಿಕ್ಷೆಯಾಯಿತು.

ಒಂದು ಕಾಲಕ್ಕೆ ಇಂಗ್ಲೆಂಡನ್ನು ಆಳಿದ್ದ ರೋಮನ್ ಒಡೆಯರು ಬಿಟ್ಟುಹೋದ ಮೇಲೆ ಸುತ್ತಲಿನ ಹಳ್ಳಿಯವರು ಇಲ್ಲಿನ ಕಲ್ಲು ಕಿತ್ತು ದನದ ಕೊಟ್ಟಿಗೆ ಕಟ್ಟಿಕೊಂಡರಂತೆ. ಮನೆದೇವರ ಕಲ್ಲೊಂದು ಎಷ್ಟೋ ತಲೆಮಾರು ಸಿಕ್ಕಿರಲಿಲ್ಲ. ಕೊನೆಗೆ ಪಕ್ಕದ ರೈತರ ಮನೆಯಲ್ಲಿ ಸಿಕ್ಕಿತು. ಕೆತ್ತನೆಯ ಮುಖ ಕೆಳಗೆ ಮಾಡಿ ಬಾಗಿಲ ಮೆಟ್ಟಿಲಾಗಿ ಹಾಕಿಕೊಂಡಿದ್ದರು. ಇದನ್ನು ನಾನು ಕನ್ನಡಕ್ಕೆ ತರುವ ಹೊತ್ತಿಗೆ ಭಾವ ಜೇಬಿನಿಂದ ಕೈ ತೆಗೆದಿದ್ದರು.

“ಆ ಮನೆಯವ್ರಿಗೆ ಗೊತ್ತಿತ್ತಂತಾ, ಕೇಳು.”

ಕೇಳಿದೆ. ಗೊತ್ತಿರಲಿಲ್ಲ ಎಂದುಕೊಳ್ಳುವುದೇ ನಮಗೆಲ್ಲ ಇಷ್ಟ ಎಂದು ಆಕೆ ನಕ್ಕಳು.

“ಗೊತ್ತಿರ್ತದೆ” ಎಂದರು ಭಾವ. ಇದನ್ನು ಅನುವಾದಿಸು ಎನ್ನಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅಕ್ಕ ನಿದ್ದೆ ಹೋಗಿದ್ದಳು. ಭಾವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. ಅವರ ತಂದೆಯ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿತ್ತು. ಯಾವುದೋ ಕಾಲದಲ್ಲಿ ಊರ ದನ ಕಾಯಲು ಹೋಗಿ ಸತ್ತವನದು. ಪ್ರತಿ ವರ್ಷ ಮೊದಲ ರಾಗಿ ತೆನೆ ಅದಕ್ಕೇ. ಜೆಸಿಬಿ ಬಂದ ದಿನ ಅದು ಉರುಳಿತು. ಹಿಂಬದಿ ಒಳ್ಳೇ ನುಣುಪಾಗಿತ್ತು, ಆಗ ವೈಯಾಲಿಕಾವಲ್ ಮನೆಗೆ ಗೇಟಿನ ಮೆಟ್ಟಿಲು ಬೇಕಿತ್ತು. ತಂದೆ ಕೇಳಿದಾಗಲೆಲ್ಲ, ಕಂಟ್ರಾಕ್ಟರ್ ಕಡೆಯವರು ಎಲ್ಲೋ ಸಾಗಿಸಿಬಿಟ್ಟರು ಎಂದು ಹೇಳಿಕೊಂಡು ಬಂದಿದ್ದರು.

ಆ ಮೆಟ್ಟಿಲು ನನಗೆ ಗೊತ್ತು. ಗೃಹಪ್ರವೇಶದಿಂದ ಹಿಡಿದು ಹಬ್ಬ ಹುಣ್ಣಿಮೆಗೆಲ್ಲ ಅದರ ಮೇಲೆ ಕಾಲಿಟ್ಟೇ ಹೋಗಿದ್ದೇನೆ, ಚಪ್ಪಲಿಯ ಮಣ್ಣು ಕೆರೆದಿದ್ದೇನೆ. ಮಕ್ಕಳು ಅದರ ಮೇಲೆ ಆನೆಪಟಾಕಿ ಹಚ್ಚಿದ್ದಾರೆ. ಸಂಜೆಯಾದರೆ ಭಾವನ ತಂದೆ ಬಂದು ಕೂರುತ್ತಿದ್ದುದೂ ಅಲ್ಲೇ. ಮನೆಯೊಳಗಿನ ಸೋಫಾ ಅವರಿಗೆ ಒಗ್ಗುತ್ತಿರಲಿಲ್ಲ. ಬಯಲಿನಲ್ಲಿ ಭಾವನ ದೊಡ್ಡ ಗಂಟಲಿಗೆ ನಾಚಿದವನು ನಾನು. ಕಾರಿನಲ್ಲಿ ನನ್ನ ಕಾಲುಗಳನ್ನು ಎಲ್ಲಿಡಬೇಕೋ ತಿಳಿಯದೆ ಕುಳಿತಿದ್ದೆ.

ಊರಿಗೆ ಬಂದವರೇ ಭಾವ ತಂದೆಯ ಮುಂದೆ ಎಲ್ಲವನ್ನೂ ಹೇಳಿದರು. ನಾನೂ ಅಲ್ಲಿರಬೇಕೆಂದು ಅವರೇ ಕರೆಸಿದ್ದರು. ಆ ಹಿರಿಯರು ಎದ್ದು, ಗೇಟಿನ ಬಳಿ ಹೋಗಿ ನಿಂತರು. ಮರುದಿನ ಆಳುಗಳು ಹಾರೆ ಹಾಕಿ ಕಲ್ಲನ್ನು ಮಗುಚಿದರು. ಕುದುರೆಯ ಕಾಲು, ಎತ್ತಿದ ಕತ್ತಿ, ಸೊಂಟದ ಪಟ್ಟಿ ಎಲ್ಲ ನೆಟ್ಟಗಿದ್ದವು. ವೀರನ ಮುಖವಿರಬೇಕಾದ ಕಡೆ ಸಿಮೆಂಟು ಕಚ್ಚಿಕೊಂಡಿತ್ತು. ಆಳು ಉಳಿಯಿಂದ ಕೆರೆಯಲು ಹೋದಾಗ ಕಲ್ಲೂ ಜೊತೆಗೆ ಚಕ್ಕೆಯಾಗಿ ಬಂತು.

ಹಿರಿಯರು ಕುಕ್ಕರುಗಾಲಲ್ಲಿ ಕೂತು ಆ ಜಾಗವನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಮಗನ ಕಡೆ ತಿರುಗದೆ, “ಇದ್ರ ಮೇಲೆ ಕೂತ್ಕೊಂಡೇ ನಿನ್ನ ಕೇಳ್ತಿದ್ನಲ್ಲೋ” ಎಂದರು.

ಭಾವ ಅಲ್ಲೇ ತಲೆ ತಗ್ಗಿಸಿ ನಿಂತಿದ್ದರು. ದೊಡ್ಡ ದೊಡ್ಡ ಆಫೀಸುಗಳಲ್ಲಿ ಮೇಜು ಗುದ್ದಿ ಮಾತಾಡುವ ಮನುಷ್ಯ. ನಾನು ರಸ್ತೆಯ ಕಡೆ ನೋಡಿದೆ.

ಕಲ್ಲನ್ನು ಅಂಗಳದ ನಂದಿಬಟ್ಟಲು ಗಿಡದ ಬಳಿ ನಿಲ್ಲಿಸಿದರು. ಅದು ಮೊದಲು ನಿಂತಿದ್ದ ಹೊಲದ ಬದು ಈಗ ಯಾರದೋ ಕಾರ್ ಶೆಡ್ಡು. ರೋಮನ್ ಲೇಔಟಿನ ಮಾತನ್ನು ಭಾವ ಆಮೇಲೆ ಎತ್ತಲಿಲ್ಲ. ಅಪ್ಪ ಮಗ ಒಂದೇ ಮನೆಯಲ್ಲಿ ಉಣ್ಣುತ್ತಾರೆ. ಆದರೆ ಕಾಫಿ ಬೇಕೆಂದರೂ ಹಿರಿಯರು ಮಗನಿಗೆ ಕೇಳಿಸುವ ಹಾಗೆ ಸೊಸೆಗೆ ಹೇಳುತ್ತಾರೆ, ಮಗನಿಗಲ್ಲ.

ಕಳೆದ ಭಾನುವಾರ ಹೋಗಿದ್ದೆ. ಗೇಟಿನ ಬಳಿ ಮೆಟ್ಟಿಲಿದ್ದ ಕಡೆ ಹಳ್ಳ ಹಾಗೇ ಇದೆ. ಈಗ ನನ್ನಂಥ ಮಂಡಿನೋವಿನವರು ಕಾಲನ್ನು ಎತ್ತಿ ಎತ್ತಿ ಇಡಬೇಕು. ಭಾವ ಬಂದು ಕೈ ಚಾಚಿದರು; ಅವರ ಮಂಡಿಯೇ ನನ್ನದಕ್ಕಿಂತ ಕಡೆ. ಬೇರೆ ಕಲ್ಲು ಹಾಕಿಸಬಾರದೇ ಎಂದು ಕೇಳಿದೆ.

ಅವರು ಅಂಗಳದಲ್ಲಿ ಬೆನ್ನು ಹಾಕಿ ಕೂತಿದ್ದ ತಂದೆಯ ಕಡೆ ನೋಡಿದರು.

“ಹಾಕ್ಸ್ಬೋದು. ಅಪ್ಪ ಒಂದ್ ಮಾತು ಹೇಳ್ಲಿ, ಹಾಕ್ಸ್ತೀನಿ.”

ನಾನು ಅವರ ಕೈ ಹಿಡಿದು ಹತ್ತಿದೆ.