ಪ್ರಾಕ್ಸಿಯ ಹಾಜರಿ

ಕಾಲೇಜಿನಲ್ಲಿ ಅವನಿಗೆ ಬಿದ್ದ ಹೆಸರು ಪ್ರಾಕ್ಸಿ. ಮೇಷ್ಟ್ರು ಹಾಜರಿ ಕೂಗುವಾಗ, ಸಿನಿಮಾಕ್ಕೆ ಹೋದವರ, ಹಾಸಿಗೆ ಬಿಟ್ಟು ಏಳದವರ ಪರವಾಗಿ ಒಬ್ಬೊಬ್ಬರ ದನಿಯಲ್ಲಿ "ಎಸ್ ಸಾರ್" ಅನ್ನುತ್ತಿದ್ದ ಪುಣ್ಯಾತ್ಮ. ಒಂದು ದಿನವಂತೂ ಎಲ್ಲರ ಹಾಜರಿ ಹೇಳುವ ಭರಾಟೆಯಲ್ಲಿ ತನ್ನ ಹೆಸರಿಗೇ ಓಗೊಡಲು ಮರೆತು ಗೈರುಹಾಜರಿ ಹಾಕಿಸಿಕೊಂಡ. ಪಾಪ, ಪಕ್ಕದಲ್ಲಿ ಕೂತವನಾದರೂ ಒಂದು ಮಾತು ಹೇಳಬಾರದಿತ್ತೆ?

ಈಗ ಅವನ ತಲೆ ನುಣ್ಣಗಾಗಿದೆ. ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು, ತನ್ನ ಕಡೆಯ ಬ್ರೇಕ್ ಒತ್ತಿ ಒತ್ತಿ, ಮನೆಯ ಸೋಫಾದಲ್ಲಿ ಕೂತರೂ ಅವನ ಬಲಗಾಲು ನೆಲ ಒತ್ತುತ್ತದೆ. ಆದರೆ ಹಳೇ ಕಸುಬು ಬಿಡಬೇಕಲ್ಲ! "ನಮ್ಮ ಬ್ಯಾಂಕಿನವನ ಮಗಳ ಮದುವೆ ಕಣೋ, ನಂಗೆ ಬಿಡುವಿಲ್ಲ, ನೀನೇ ಹೋಗಿ ಬಂದ್ಬಿಡು" ಎಂದು ಸಹಪಾಠಿಗಳು ಫೋನ್ ಮಾಡಿದರೆ ಸಾಕು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಲಾಯರ್ ಪರವಾಗಿ ಕೈಕುಲುಕಿ, ಕಂಟ್ರಾಕ್ಟರ್ ಪರವಾಗಿ ಫೋಟೋಕ್ಕೆ ನಿಂತು, ಹೆಡ್‌ಮಿಸ್ಟ್ರೆಸ್ ಪರವಾಗಿ ಎರಡನೇ ಪಂಕ್ತಿಗೂ ಕೂರುತ್ತಿದ್ದ. ಇಷ್ಟು ವರ್ಷ ಸಹಪಾಠಿಗಳ ಆ ಗುಂಪು ಚದುರದೆ ಉಳಿದಿದ್ದರೆ ಅದು ಅವನ ಕಾಲುಗಳ ಪುಣ್ಯ.

"ನಾಳೆ ನಿಮಗೇ ಏನಾದ್ರೂ ಆದ್ರೆ ಯಾರ್ರೀ ಬರ್ತಾರೆ?" ಎಂದು ಹೆಂಡತಿ ಕೇಳುತ್ತಿದ್ದಳು.

"ಎಲ್ರೂ ಬರ್ತಾರೆ ಕಣೇ. ನೋಡ್ತಿರು."

ಆಗಿಯೇ ಬಿಟ್ಟಿತು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು ಎಂದರು. ಪ್ರಾಕ್ಸಿ ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ. ತಕ್ಷಣ ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಬರುತ್ತೇನೆ ಅಂದವರು ಮಾತ್ರ ಒಬ್ಬರೂ ಇಲ್ಲ.

ಆಪರೇಷನ್ ದಿನ ಬೆಳಿಗ್ಗೆ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ಮಲಗಿದವನ ಕಣ್ಣೆಲ್ಲ ಬಾಗಿಲ ಮೇಲೆ. ಚಪ್ಪಲಿ ಸದ್ದಾದರೆ ಕತ್ತು ಎತ್ತುತ್ತಾನೆ. ಬಂದವರು ಪಕ್ಕದ ಮಂಚದವರ ನೆಂಟರು. ಬಲಗಾಲು ಮಂಚದ ಕಂಬಿ ಒತ್ತುತ್ತಲೇ ಇತ್ತು. "ಅವರಿಗೂ ಕೆಲಸ ಇರುತ್ತಲ್ವೇನೇ" ಎಂದ. ಹೆಂಡತಿ ಅವನ ಹೊದಿಕೆ ಸರಿಮಾಡಿದಳು.

ಅಷ್ಟರಲ್ಲಿ ಲಾಯರ್ ಏದುಸಿರು ಬಿಡುತ್ತಾ ಒಳಗೆ ಬಂದ. "ಬ್ಯಾಂಕಿನವನಿಗೆ ಬಿಡುವಿಲ್ವಂತೆ ಕಣೋ. ಅವನ ಪರವಾಗಿ ಬಂದೆ."

ಹಿಂದೆಯೇ ಬ್ಯಾಂಕಿನವನು! "ನಾನು ಬಂದಿದ್ದು ಕಂಟ್ರಾಕ್ಟರ್ ಪರವಾಗಿ. ಕಾಲು ಹಿಡ್ಕೊಂಡ, ಇಲ್ಲ ಅನ್ನೋಕಾಗ್ಲಿಲ್ಲ."

ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದ ಕಂಟ್ರಾಕ್ಟರ್ ಇಬ್ಬರನ್ನೂ ನೋಡಿ ಬಾಯಿ ಬಿಟ್ಟ. "ಲಾಯರೇ, ನಿನ್ನ ಪರವಾಗಿ ಹೋಗು ಅಂತ ನನಗೆ ಗಂಟು ಹಾಕಿ, ನೀನೇ ಬಂದಿದ್ದೀಯಲ್ಲೋ!"

ಕೊನೆಗೆ ಬಂದ ಹೆಡ್‌ಮಿಸ್ಟ್ರೆಸ್ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಈ ಮೂವರೂ ನನಗೂ ಹೇಳಿದ್ರು! ಶಾಲೆಗೆ ರಜಾ ಹಾಕಿ ಬಂದಿದ್ದೀನಿ."

ವಿಷಯ ಇಷ್ಟೇ. ಇಷ್ಟು ವರ್ಷ ಹೊರೆಯನ್ನೆಲ್ಲ ಪ್ರಾಕ್ಸಿಯ ತಲೆಗೆ ಕಟ್ಟಿ ರೂಢಿ. ಈಗ ಪ್ರಾಕ್ಸಿಯೇ ಮಂಚದ ಮೇಲಿದ್ದಾನೆ. ಹಾಗಾಗಿ ಒಬ್ಬರ ತಲೆಗೆ ಒಬ್ಬರು ಕಟ್ಟಿದ್ದರು, ಒಪ್ಪಿಕೊಂಡ ಮೇಲೆ ತಪ್ಪಿಸಿಕೊಳ್ಳುವ ದಾರಿ ಯಾರಿಗೂ ಉಳಿಯಲಿಲ್ಲ.

"ಥೂ ನಿಮ್ಮ! ಸ್ವಂತಕ್ಕೆ ಅಂತ ಒಬ್ರೂ ಬಂದಿಲ್ವೇನ್ರೋ?" ಎಂದು ಪ್ರಾಕ್ಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕರೆ ನೋವು, ಆದರೂ ನಗು ನಿಲ್ಲಲಿಲ್ಲ. ನಾಲ್ವರೂ ತಲೆ ತಗ್ಗಿಸಿದರು.

ನರ್ಸ್ ಗಾಲಿಮಂಚ ತಳ್ಳಿಕೊಂಡು ಬಂದು ಬಾಗಿಲಲ್ಲೇ ನಿಂತು ಅವನ ನಿಜವಾದ ಹೆಸರು ಕೂಗಿದಳು. ಅವನು ಬಾಯಿ ತೆರೆದ. ಊರಿನವರಿಗೆಲ್ಲ ಹಾಜರಿ ಹೇಳಿದವನಿಗೆ ತನ್ನ ಹೆಸರಿಗೆ ದನಿಯೇ ಹೊರಡಲಿಲ್ಲ. ನರ್ಸ್ ಮತ್ತೊಮ್ಮೆ ಕೂಗಿದಳು.

"ಎಸ್ ಸಾರ್!" ಎಂದು ನಾಲ್ಕು ದನಿಗಳು ಒಟ್ಟಿಗೆ ಕೂಗಿದವು.