ಹೊಕ್ಕಳಬಳ್ಳಿ ಹಿಂಡಿದ ಕೈ

ಸುಳ್ಳ ಅನ್ನೂ ಹಳ್ಳಿಯ ಸೂಲಗಿತ್ತಿ ರತ್ನವ್ವ ಅಂದ್ರ ಬಾಯಿ ಭಾಳ ಜೋರು, ಕೈ ಅಷ್ಟ ಮೆತ್ತಗ. ದವಾಖಾನಿಗೆ ಒಯ್ಯಾಕ ಟೈಮ್ ಸಿಗದ ಎಷ್ಟೋ ಹೆರಿಗಿ ಆಕಿ ಕೈಯಾಗ ಆಗ್ಯಾವ. ಹುಟ್ಟಿದ ಕೂಸು ಅಳಲಿಲ್ಲಂದ್ರ, ಹೊಕ್ಕಳಬಳ್ಳಿ ಕೊಯ್ಯೂದಕ್ಕಿಂತ ಮೊದಲ ಅದರಾಗಿನ ರಕ್ತಾನ ಬೆರಳಿಲೆ ಕೂಸಿನ ಕಡೆ ಹಿಂಡತಿದ್ಲು. ನರ್ಸ್ ಬಾಯಿ ಬೈದ್ರೂ ಕೇಳಾಕಿ ಅಲ್ಲ. "ನೀ ಓದಿ ಕಲ್ತಿ, ನಾ ಮಾಡಿ ಕಲ್ತೇನಿ, ಸರಿ ಅತ್ಲಾಗ" ಅಂತಿದ್ಲು.

ಇಂಥಾಕಿ ಮೊಮ್ಮಗಗ ರಕ್ತದ ಕ್ಯಾನ್ಸರ್ ಬಂತು. ಮಗಳು ಆರತಿಯ ಚೊಚ್ಚಲ ಮಗ ಅಮರೇಶ, ಇನ್ನೂ ಗ್ವಾಡಿ ಹಿಡಕೊಂಡು ನಿಲ್ಲೂ ಕೂಸು. ಏನ್ ಪಾಪ ಮಾಡಿತ್ರಿ ಅದು! ಔಷಧ ಹಾಕಿ ಹಾಕಿ ತಲಿ ಮ್ಯಾಲ ಒಂದು ಕೂದಲ ಉಳೀಲಿಲ್ಲ. ಗುಣ ಆತು ಅನ್ನೂದ್ರಾಗ ಬ್ಯಾನಿ ಹೊಳ್ಳಿ ಬಂತು. ಅಷ್ಟರಾಗ ಆರತಿ ಮತ್ತ ಬಸರಿ. ಡಾಕ್ಟರ್ ಹೊಟ್ಟ್ಯಾಗಿನ ಕೂಸಿನ ಪರೀಕ್ಷಾ ಮಾಡಿಸಿ, "ಇದರ ರಕ್ತ ಅಣ್ಣಗ ಹೊಂದತೈತ್ರಿ. ಹುಟ್ಟಿದ ಕೂಡ್ಲೆ ಹೊಕ್ಕಳಬಳ್ಳಿ ರಕ್ತ ಹಿಡದಿಟ್ಟು ಅವಗ ಹಾಕೋಣು. ಬ್ಯಾರೆ ಯಾರದೂ ಹೊಂದಲಿಲ್ರಿ" ಅಂದ್ರು.

ಜಡ್ಡಿನ ಕೂಸಿನ್ನ ಬಿಟ್ಟು ಆರತಿ ತವರಿಗೆ ಬರೂಹಂಗ ಇರಲಿಲ್ಲ. ರತ್ನವ್ವನೇ ನವನಗರಕ್ಕ, ಮಗಳ ಮನಿಗೆ ಬಂದ್ಲು.

"ಅವ್ವಾ, ಹೊಟ್ಟಿ ನೋವು ಬಂದ್ರ ಮೊದಲ ದವಾಖಾನಿ. ಆ ರಕ್ತ ಅಮರೂಂದು" ಅಂತ ಆರತಿ ದಿನಾ ಹೇಳಾಕಿ.

"ನನಗೇನ್ ತಲಿ ಕೆಟ್ಟೈತೇನ? ಗೊತ್ತೈತಿ ಬಿಡ" ಅಂತ ರತ್ನವ್ವ ರೇಗಾಕಿ.

ನೋವು ದಿನ ತುಂಬೂದಕ್ಕಿಂತ ಮೊದಲ ಬಂತು. ಅಳಿಯ ಚನ್ನಯ್ಯ ಅಮರೇಶನ ಕೂಡ ದವಾಖಾನ್ಯಾಗ ಇದ್ದ. ಫೋನ್ ಮಾಡಿ ಆಂಬುಲೆನ್ಸ್ ಬರೂದ್ರಾಗ ಅಡಗಿಮನಿ ಬಾಗಲದಾಗ ಹೆರಿಗಿ ಆಗೇ ಬಿಡ್ತು. ಗಂಡು ಕೂಸು. ಅಳಲಿಲ್ಲ. ರತ್ನವ್ವ ಬೆನ್ನ ತಿಕ್ಕಿದ್ಲು, ಬಾಯಿ ಒರಸಿದ್ಲು, ಅಂಗಾಲ ಬಡದ್ಲು. ತುಟಿ ನೀಲಿ ಆಗಾಕತ್ತು. ಬಳ್ಳಿ ಹಿಡದು ಹಿಂಡಾಕ ಸುರು ಮಾಡಿದ್ಲು. ಕೂಸು ಚೀರಿ ಅಳೂತನಕ ಬಿಡಲಿಲ್ಲ.

ರಕ್ತ ಹಿಡಿಯೂ ಚೀಲ ತಗೊಂಡು ಆಂಬುಲೆನ್ಸ್‌ನ ನರ್ಸ್ ಓಡಿ ಬಂದಾಗ ಬಳ್ಳಿ ಬೆಳ್ಳಗಾಗಿ ಜೋತು ಬಿದ್ದಿತ್ತು. ಬಂದದ್ದು ಒಂದೆರಡು ಹನಿ. "ಇಷ್ಟ ಸಾಲಂಗಿಲ್ರಿ" ಅಂದ್ಲು ಆಕಿ. ಸಣ್ಣ ಕೂಸಿನ ಎಲುಬಿನಾಗಿನ ಮಜ್ಜೆ ತಗದು ಹಾಕಬಹುದು, ಆದ್ರ ಅದು ಒಂದಿಷ್ಟು ಬೆಳೀಬೇಕು, ಅಲ್ಲೀತನಕ ದೊಡ್ಡಂವ ತಡೀಬೇಕು ಅಂದ್ರು ಡಾಕ್ಟರ್.

ತಡೀಲಿಲ್ಲ. ಅಮರೇಶ ಹೋದ.

ಮಾತಾಡಸಾಕ ಬಂದವರಿಗೆಲ್ಲಾ ಚನ್ನಯ್ಯ, "ನಮ್ಮ ನಸೀಬ್ರಿ, ಹೆರಿಗಿ ಮನ್ಯಾಗ ಆತು, ರಕ್ತ ಸಿಗಲಿಲ್ಲ" ಅಂತಿದ್ದ. ರತ್ನವ್ವ ತಲಿ ತಗ್ಗಿಸಿ ಸಣ್ಣ ಕೂಸಿನ ತೊಟ್ಟಲಾ ತೂಗತಿದ್ಲು. ಊರಿಗೆ ಊರನ್ನ ಬೈಯೂ ಬಾಯಿ ಅದು, ನೋಡ್ರಿ!

ಮಂದಿ ಬರೂದು ನಿಂತ ಮ್ಯಾಲ ಒಂದು ಮುಂಜಾನಿ ರತ್ನವ್ವ ಸಣ್ಣ ಕೂಸಿಗೆ ನೀರ ಎರದು, ತೊಡಿ ಮ್ಯಾಲ ಹಾಕ್ಕೊಂಡು ಕುಂತಿದ್ಲು. ಆರತಿ ಬಂದು ಎದುರ ಕುಂತ್ಲು.

"ಅವ್ವಾ, ಖರೇ ಹೇಳಬೇ. ಬಳ್ಳಿ ಹಿಂಡೂವಾಗ ನಿನಗ ಅಮರೂನ ನೆನಪಿತ್ತ?"

ಇಲ್ಲ ಅಂದಿದ್ರ ಮುಗೀತಿತ್ತು. ಆರತಿ ಆ ಮಾತು ಕೇಳಾಕ ಬಂದಿದ್ಲು, ರತ್ನವ್ವಗೂ ಅದು ತಿಳೀತು.

"ಇತ್ತವ್ವಾ," ಅಂದ್ಲು. "ಇದು ನನ್ನ ಕೈಯಾಗ ಸಾಯಾಕತ್ತಿತ್ತು."

ಆರತಿ ಬಗ್ಗಿ ಕೂಸಿನ್ನ ಎತ್ತಿಕೊಂಡು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು.